ತಡವಾಗಿ ತೆರೆದ ‘ಶರಪಂಜರ’

ಕನ್ನಡದಲ್ಲಿ ‘ಶರಪಂಜರ’ದ ಕಥೆ ಗೊತ್ತಿಲ್ಲದವರು ವಿರಳ. ಆದರೆ ಅದನ್ನು ಕಾದಂಬರಿಯಾಗಿ ಓದಿದವರನ್ನು, ಅದರಲ್ಲೂ ಗಂಭೀರ ಓದುಗರೆಂದು ಹೆಸರಾದವರ ನಡುವೆ ಹುಡುಕಲು ಹೊರಟರೆ ಸಿಗುವವರು ಕೆಲವೇ ಮಂದಿ. ‘ಸಂಸ್ಕಾರ’ವನ್ನು ಎರಡೆರಡು ಸಲ ಓದಿದವರು, ‘ಮಲೆಗಳಲ್ಲಿ ಮದುಮಗಳು’ ಮುಗಿಸಿದ್ದನ್ನು ಅಭಿಮಾನದಿಂದ ಹೇಳಿಕೊಳ್ಳುವವರು, ಭೈರಪ್ಪನವರ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ‘ಶರಪಂಜರ’ ಬರೆದ ತ್ರಿವೇಣಿಯವರ ಹೆಸರು ಬಂದ ಕೂಡಲೇ ‘ನಮ್ಮಮ್ಮ ಓದುತ್ತಿದ್ದರು’ ಎಂದು ಹೇಳಿ ಬೇರೆ ಮಾತಿಗೆ ಹೋಗುತ್ತಾರೆ.

ಅಮ್ಮ ಓದುತ್ತಿದ್ದರು ಎಂಬುದು ಓದಲು ಒಳ್ಳೆಯ ಕಾರಣವಾಗಬೇಕಿತ್ತು. ಓದದೆ ಬಿಡಲು ಕಾರಣವಾಯಿತು.

ಕಾದಂಬರಿಯೊಂದು ಬಹಳ ಜನಕ್ಕೆ ಇಷ್ಟವಾಯಿತೆಂದರೆ ಅದರಿಂದ ದೂರ ಉಳಿಯುವ ಅಭ್ಯಾಸ ಎಲ್ಲ ಭಾಷೆಯ ಓದುಗರಲ್ಲೂ ಇದೆ. ಕನ್ನಡದಲ್ಲಿ ಈ ಅಭ್ಯಾಸದ ಒಳಗೆ ಇನ್ನೊಂದು ಪಂಕ್ತಿಭೇದವಿದೆ. ಕನ್ನಡಕ್ಕೆ ಕಾದಂಬರಿಯ ರುಚಿ ಹತ್ತಿಸಿದ್ದೇ ಜನಪ್ರಿಯ ಲೇಖಕರು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಬಂಗಾಳಿಯಿಂದ ತಂದರು. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅ.ನ. ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ವೇಶ್ಯಾ ಸಮಸ್ಯೆಯ ಬಗ್ಗೆ ಅವರು ಬರೆದ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಅಶ್ಲೀಲವೆಂಬ ಕೂಗೆದ್ದಾಗ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಅನಕೃ ಅವರನ್ನು ಬೈದವರೂ ಓದಿಯೇ ಬೈದರು. ಅವರಿಗೆ ‘ಕಾದಂಬರಿ ಸಾರ್ವಭೌಮ’ ಎಂಬ ಬಿರುದು ಬಂತು. ಅವರ ಹಿಂದೆಯೇ ಬರೆಯತೊಡಗಿದ ಹೆಣ್ಣುಮಕ್ಕಳ ಪುಸ್ತಕಗಳಿಗೆ ಬಂದ ಬಿರುದು ‘ಅಡುಗೆಮನೆ ಸಾಹಿತ್ಯ’. ಒಂದು ಕಡೆ ಜಗಳವಾಡುವಷ್ಟಾದರೂ ಗೌರವವಿತ್ತು, ಇನ್ನೊಂದು ಕಡೆ ಪುಸ್ತಕ ಬಿಡಿಸುವ ತೊಂದರೆಯನ್ನೂ ಹೆಚ್ಚಿನವರು ತೆಗೆದುಕೊಳ್ಳಲಿಲ್ಲ.

ಹಾಗೆಂದು ಆ ಪುಸ್ತಕಗಳಿಗೆ ಓದುಗರ ಕೊರತೆಯಿರಲಿಲ್ಲ. ಮೈಸೂರು, ಬೆಂಗಳೂರಿನ ಬಡಾವಣೆಗಳಲ್ಲಿ ದಿನಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು. ದಪ್ಪ ರಟ್ಟು ಹಾಕಿ ಹೊಲಿದ ಕಾದಂಬರಿಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿದ್ದವು. ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿಗೆ ಒಲೆ ಹಚ್ಚುವವರೆಗೆ ಸಿಗುವ ಬಿಡುವಿನಲ್ಲಿ ಲಕ್ಷಾಂತರ ಹೆಂಗಸರು ಓದಿದರು. ಕನ್ನಡದ ಓದುಗ ವರ್ಗವನ್ನು ಕಟ್ಟಿದವರು ಇವರು. ವಾರಪತ್ರಿಕೆಗಳ ಧಾರಾವಾಹಿಗಳು ನಡೆದದ್ದು, ಪ್ರಕಾಶಕರು ಧೈರ್ಯವಾಗಿ ಹೊಸ ಕಾದಂಬರಿಗೆ ಕೈಹಾಕಿದ್ದು ಇವರನ್ನು ನಂಬಿಕೊಂಡು. ಸಾಹಿತ್ಯ ಚರಿತ್ರೆಗಳಲ್ಲಿ ಈ ಓದುಗರಿಗೆ ಸಿಕ್ಕಿರುವ ಜಾಗ ತೀರಾ ಸಣ್ಣದು.

ತ್ರಿವೇಣಿ ಎಂಬ ಹೆಸರಿನಲ್ಲಿ ಬರೆದವರು ಅನಸೂಯಾ. ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು. ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ. ಶ್ರೀಕಂಠಯ್ಯನವರು ಅವರ ದೊಡ್ಡಪ್ಪ. ವಾಣಿ ಮತ್ತು ಆರ್ಯಾಂಬ ಪಟ್ಟಾಭಿ, ಕಾದಂಬರಿಗಾರ್ತಿಯರಾದ ಇಬ್ಬರೂ ಅದೇ ಮನೆತನದವರು. ಮೈಸೂರಿನಲ್ಲಿ ಬಿ.ಎ. ಓದಿದರು, ಮನಶ್ಶಾಸ್ತ್ರವನ್ನು ವಿಷಯವಾಗಿ ತೆಗೆದುಕೊಂಡರು. ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ. ಅಲ್ಲಿಂದ ಹತ್ತು ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿ, ಜೊತೆಗೆ ಸಣ್ಣಕಥೆಗಳು. 1963ರ ಜುಲೈ 29ರಂದು, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ಅವರು ತೀರಿಕೊಂಡರು. ಆಗ ಅವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಬಾಣಂತಿಯ ಮನಸ್ಸಿನ ನೋವನ್ನು ಕನ್ನಡಕ್ಕೆ ಹೇಳಿಕೊಟ್ಟ ಲೇಖಕಿ ಹಸಿ ಬಾಣಂತಿಯಾಗಿ ಸತ್ತರೆಂಬುದನ್ನು ತಿಳಿದ ಮೇಲೆ ‘ಶರಪಂಜರ’ದ ಪುಟಗಳನ್ನು ಸಲೀಸಾಗಿ ತಿರುವಿಹಾಕುವುದು ಕಷ್ಟ.

ಸಿನಿಮಾ ನೋಡಿ ಕಥೆ ತಿಳಿದುಕೊಂಡವರು ಕಾದಂಬರಿಯನ್ನು ಕೈಗೆತ್ತಿಕೊಂಡಾಗ ಮೊದಲು ಗಮನಕ್ಕೆ ಬರುವುದು ಅದರ ತಣ್ಣನೆಯ ನಡೆ. ಚಿತ್ರದ ನಾಯಕಿ ಕಲ್ಪನಾ ಅವರ ಕಿರುಚಾಟ, ಕೆದರಿದ ತಲೆ, ಕುಂಕುಮ, ಕಣ್ಣು ಇವೆಲ್ಲ ನೆನಪಿನಲ್ಲಿ ಎಷ್ಟು ಆಳವಾಗಿ ಕೂತಿವೆಯೆಂದರೆ ಪುಸ್ತಕವೂ ಅಷ್ಟೇ ಜೋರಾಗಿ ಮಾತಾಡುತ್ತದೆಂದು ಓದುಗರು ಎಣಿಸಿರುತ್ತಾರೆ. ತ್ರಿವೇಣಿ ಜೋರಾಗಿ ಮಾತಾಡುವವರಲ್ಲ. ಅವರ ವಾಕ್ಯಗಳು ಚಿಕ್ಕವು. ಮೈಸೂರಿನ ಮಧ್ಯಮವರ್ಗದ ಮನೆಯೊಳಗಿನ ಮಾತು ಹೇಗಿರುತ್ತದೋ ಹಾಗೆಯೇ ಸಂಭಾಷಣೆ. ವರ್ಣನೆಗೆ ಹೆಚ್ಚು ಜಾಗವಿಲ್ಲ, ಉಪಮೆಗಳ ಮೆರವಣಿಗೆಯಿಲ್ಲ.

ಕಾವೇರಿ ಮತ್ತು ಸತೀಶ ಮೆಚ್ಚಿ ಮದುವೆಯಾದವರು. ಸಂಸಾರ ಚೆನ್ನಾಗಿಯೇ ಇದೆ. ಎರಡನೆಯ ಹೆರಿಗೆಯ ನಂತರ ಕಾವೇರಿಯ ಮನಸ್ಸು ಹಿಡಿತ ತಪ್ಪುತ್ತದೆ. ಯಾರಿಗೂ ಹೇಳದೆ ಅದುಮಿಟ್ಟಿದ್ದ ಹಿಂದಿನ ಬದುಕಿನ ಒಂದು ಘಟನೆ ಮೇಲೆದ್ದು ಬರುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ಚಿಕಿತ್ಸೆಯಾಗುತ್ತದೆ, ಗುಣವಾಗುತ್ತಾಳೆ. ಬೇರೆ ಲೇಖಕರಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ತ್ರಿವೇಣಿಯವರ ಕಾದಂಬರಿಯ ಜೀವ ಇರುವುದು ಅದರ ಮುಂದಿನ ಭಾಗದಲ್ಲಿ, ಗುಣವಾದವಳು ಮನೆಗೆ ಬಂದ ಮೇಲೆ.

ಮನೆಗೆ ಬಂದ ಕಾವೇರಿಯ ನಗು, ಸಿಟ್ಟು, ಮೌನ ಎಲ್ಲಕ್ಕೂ ಸುತ್ತಲಿನವರು ಕೊಡುವ ಅರ್ಥ ಒಂದೇ. ನಕ್ಕರೆ ಯಾಕೆ ನಗುತ್ತಾಳೆ, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆ, ಬೇರೆ ಯಾವ ಹೆಂಡತಿ ಕೋಪಿಸಿಕೊಂಡರೂ ಕೋಪವೆನ್ನುವ ಜನ ಇವಳ ಕೋಪವನ್ನು ರೋಗವೆನ್ನುತ್ತಾರೆ. ನೆರೆಹೊರೆಯವರಿಗೆ ಅವಳು ಹುಚ್ಚಾಸ್ಪತ್ರೆಗೆ ಹೋಗಿ ಬಂದವಳು, ಅಷ್ಟೇ. ಗಂಡ ಹತ್ತಿರ ಬರುವುದಿಲ್ಲ. ಅವನ ಸ್ನೇಹ ಬೇರೆ ಕಡೆ ಬೆಳೆದಿರುವುದು ಅವಳಿಗೆ ತಿಳಿಯುತ್ತದೆ. ಅದನ್ನು ಹೇಳಿದರೆ ಅದೂ ಭ್ರಮೆಯ ಖಾತೆಗೆ ಸೇರುತ್ತದೆ. ತಾನು ಸರಿಯಾಗಿದ್ದೇನೆಂದು ರುಜುವಾತು ಮಾಡುವ ಹೊಣೆ ಪ್ರತಿದಿನ, ಪ್ರತಿ ಮಾತಿನಲ್ಲೂ ಅವಳ ತಲೆಯ ಮೇಲೆ. ಕೊನೆಗೆ ಅವಳ ಮನಸ್ಸು ಮತ್ತೆ ಕುಸಿಯುತ್ತದೆ. ಮೊದಲ ಸಲ ಬಂದದ್ದು ಕಾಯಿಲೆ. ಎರಡನೆಯ ಸಲ ಅದನ್ನು ತಂದವರು ಮನೆಯವರು, ಊರಿನವರು.

ಸತೀಶ ರಾಕ್ಷಸನಲ್ಲ ಎಂಬುದು ಈ ಕಾದಂಬರಿಯ ದೊಡ್ಡ ಬಲ. ಹೆಂಡತಿಯನ್ನು ಹೊಡೆಯುವ, ಮನೆಯಿಂದ ಹೊರಗಟ್ಟುವ ಗಂಡನನ್ನು ಓದುಗರು ಸುಲಭವಾಗಿ ಬೈದು ಪುಸ್ತಕ ಮುಚ್ಚಬಹುದು. ಇವನು ವಿದ್ಯಾವಂತ, ಚಿಕಿತ್ಸೆ ಕೊಡಿಸಿದವನು, ಸಭ್ಯನೆಂದು ಹೆಸರಿರುವವನು. ಅವನು ಮಾಡುವ ತಪ್ಪೆಂದರೆ ನಂಬದೇ ಇರುವುದು, ಮತ್ತು ತನ್ನ ತಪ್ಪನ್ನು ಮುಚ್ಚಿಕೊಳ್ಳಲು ಅವಳ ಹಳೆಯ ಕಾಯಿಲೆಯನ್ನು ಬಳಸಿಕೊಳ್ಳುವುದು. ಇಂಥ ಗಂಡಸರು ಪ್ರತಿ ಬೀದಿಯಲ್ಲೂ ಇದ್ದಾರೆ. ಕಾದಂಬರಿಯನ್ನು ಗಂಡಸರು ಓದಬೇಕಿತ್ತು ಎಂದು ಅನ್ನಿಸುವುದು ಈ ಪುಟಗಳಲ್ಲಿ. ಅವರಲ್ಲಿ ಹೆಚ್ಚಿನವರು ಓದಲಿಲ್ಲ. ಹೆಂಗಸರ ಪುಸ್ತಕವೆಂದು ಪಕ್ಕಕ್ಕಿಟ್ಟರು.

ಇದನ್ನು ಬರೆದ ಕಾಲವನ್ನೂ ನೆನಪಿಡಬೇಕು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದದ್ದು 1954ರಲ್ಲಿ. ಅದು ಮಾನಸಿಕ ಆಸ್ಪತ್ರೆಯ ಜೊತೆ ಸೇರಿ ನಿಮ್ಹಾನ್ಸ್ ಆದದ್ದು 1974ರಲ್ಲಿ. ತ್ರಿವೇಣಿ ಬರೆಯುತ್ತಿದ್ದ ದಿನಗಳಲ್ಲಿ ಹಳ್ಳಿಯಿರಲಿ, ಪಟ್ಟಣಗಳಲ್ಲೂ ಹೆತ್ತವಳು ಹೀಗೆ ಬದಲಾದರೆ ಬಾಣಂತಿ ಸನ್ನಿ ಎನ್ನುತ್ತಿದ್ದರು, ಗಾಳಿ ಸೋಕಿದೆ ಎನ್ನುತ್ತಿದ್ದರು, ಮಂತ್ರವಾದಿಯನ್ನು ಕರೆಸಿ ಯಂತ್ರ ಕಟ್ಟಿಸುತ್ತಿದ್ದರು. ಇದು ದೇಹಕ್ಕೆ ಬರುವ ಜ್ವರದಂತೆ ಮನಸ್ಸಿಗೆ ಬರುವ ಕಾಯಿಲೆ, ಚಿಕಿತ್ಸೆಯಿಂದ ವಾಸಿಯಾಗುತ್ತದೆ ಎಂಬ ಮಾತು ಯಾವ ವೈದ್ಯರೂ ಕಾಲಿಡದ ಮನೆಗಳಿಗೆ ಬಾಡಿಗೆ ಪುಸ್ತಕದ ಮೂಲಕ ಹೋಯಿತು. ಒಂದು ಕಾದಂಬರಿ ಜನಪ್ರಿಯವಾಗುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿ ಸಿಗುವುದು ಕಷ್ಟ. ನೂರು ಜನ ವಿದ್ವಾಂಸರು ಮಾತ್ರ ಓದಿದ್ದರೆ ‘ಶರಪಂಜರ’ ಇಷ್ಟು ಕೆಲಸ ಮಾಡುತ್ತಿರಲಿಲ್ಲ.

ವೈದ್ಯಶಾಸ್ತ್ರ ಇಂದು ಹೇಳುವುದೂ ತ್ರಿವೇಣಿಯವರ ಕಡೆಗೇ ಇದೆ. ಹೆರಿಗೆಯ ನಂತರದ ತೀವ್ರ ಮನೋರೋಗ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ, ಬಹುಪಾಲು ಮೊದಲ ಎರಡು ವಾರಗಳಲ್ಲೇ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗು ಒಟ್ಟಿಗೆ ದಾಖಲಾಗಿ ಚಿಕಿತ್ಸೆ ಪಡೆಯುವ ವಿಭಾಗ 2009ರಲ್ಲಿ ಬಂತು. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆಸ್ಪತ್ರೆಗಳು, ಕಾನೂನು ಎರಡೂ ಮುಂದೆ ಬಂದಿವೆ. ಮನೆಗೆ ಮರಳಿದವಳನ್ನು ನೆರೆಮನೆಯವರು ನೋಡುವ ರೀತಿ ಎಷ್ಟು ಬದಲಾಗಿದೆ ಎಂಬ ಪ್ರಶ್ನೆಗೆ ಕಾವೇರಿಯ ಕಥೆ ಓದಿದವರು ತಮ್ಮ ಬಡಾವಣೆಯನ್ನೇ ನೋಡಿ ಉತ್ತರ ಹುಡುಕಿಕೊಳ್ಳಬಹುದು. ಆ ಭಾಗ ಹಳತಾಗಿಲ್ಲ.

ಹಾಗಾದರೆ ವಿಮರ್ಶೆ ಇದನ್ನು ಹೇಗೆ ದಾಟಿಹೋಯಿತು? ಸಾಹಿತ್ಯದ ಅಂದಿನ ಗಾಳಿ ಅದಕ್ಕೆ ಒಂದು ಕಾರಣ. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ 1961ರಲ್ಲಿ ಬಂತು, ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಪತ್ರಿಕೆ ಮರುವರ್ಷ ಶುರುವಾಯಿತು, ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ವ್ಯಕ್ತಿಯ ಒಳಮನಸ್ಸೇ ಸಾಹಿತ್ಯದ ನಿಜವಾದ ವಸ್ತುವೆಂದು ನವ್ಯರು ಗಟ್ಟಿಯಾಗಿ ಹೇಳಿದರು. ಅವರು ಕೊಟ್ಟ ಕೃತಿಗಳು ದೊಡ್ಡವು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ತೆರೆದು ತೋರಿಸಿದ ಒಳಮನಸ್ಸು ಬಹುಮಟ್ಟಿಗೆ ಗಂಡಸಿನದು: ಊರು, ಜಾತಿ, ಅಪ್ಪನ ನೆರಳಿನಿಂದ ಬಿಡಿಸಿಕೊಳ್ಳಲು ಹೆಣಗುವ ವಿದ್ಯಾವಂತ ಯುವಕನದು. ಅದೇ ವರ್ಷಗಳಲ್ಲಿ ಮನಶ್ಶಾಸ್ತ್ರ ಓದಿದ ಹೆಣ್ಣುಮಗಳೊಬ್ಬಳು ಮೈಸೂರಿನಲ್ಲಿ ಕೂತು, ಮಲತಾಯಿಯ ಕೈಗೆ ಸಿಕ್ಕ ಹುಡುಗಿಯ ಮನಸ್ಸನ್ನು ‘ಬೆಕ್ಕಿನ ಕಣ್ಣು’ ಕಾದಂಬರಿಯಲ್ಲಿ, ಬಾಣಂತಿಯ ಮನಸ್ಸನ್ನು ‘ಶರಪಂಜರ’ದಲ್ಲಿ ಬಿಡಿಸಿಡುತ್ತಿದ್ದಳು. ಒಳಮನಸ್ಸನ್ನು ಹುಡುಕುತ್ತಿದ್ದ ವಿಮರ್ಶೆ ಅತ್ತ ತಿರುಗಿ ನೋಡದೆ ಹೋದದ್ದು ಕನ್ನಡಕ್ಕಾದ ನಷ್ಟ. ನವ್ಯದ ನೆರಳಿನಲ್ಲಿ ಬೆಳೆದ ಎರಡು ತಲೆಮಾರಿನ ಓದುಗರು ಆ ಉಪೇಕ್ಷೆಯನ್ನು ತಮ್ಮದೇ ಅಭಿರುಚಿ ಎಂದು ನಂಬಿದರು.

ಸಿನಿಮಾದ ಪಾಲೂ ಸಣ್ಣದಲ್ಲ. ಪುಟ್ಟಣ್ಣ ಕಣಗಾಲ್ ತ್ರಿವೇಣಿಯವರನ್ನು ಬೇರೆ ಯಾರಿಗಿಂತ ಮೊದಲು ಗುರುತಿಸಿದ ನಿರ್ದೇಶಕ. ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು 1966ರಲ್ಲಿ ‘ಪೂಚಕ್ಕಣ್ಣಿ’ಯಾಗಿ ಮಲಯಾಳಕ್ಕೆ ತಂದರು. ಮರುವರ್ಷ ‘ಬೆಳ್ಳಿಮೋಡ’ದಿಂದ ಕನ್ನಡದಲ್ಲಿ ಹೆಸರು ಮಾಡಿದರು. 1972ರಲ್ಲಿ ‘ಶರಪಂಜರ’ ಬಂತು; ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಇವುಗಳ ನಡುವೆ ಎಂ.ಆರ್. ವಿಠಲ್ ‘ಹಣ್ಣೆಲೆ ಚಿಗುರಿದಾಗ’ ಮಾಡಿದರು; ಎಷ್ಟೋ ವರ್ಷಗಳ ನಂತರ, 1993ರಲ್ಲಿ, ರಾಜೇಂದ್ರಸಿಂಗ್ ಬಾಬು ‘ಹೂವು ಹಣ್ಣು’ ತೆಗೆದರು. ಇಷ್ಟು ಕಾದಂಬರಿಗಳು ತೆರೆಗೆ ಬಂದದ್ದು ಗೌರವದ ಮಾತೇ. ಆದರೆ ಚಿತ್ರ ಗೆದ್ದಷ್ಟೂ ಪುಸ್ತಕ ಹಿಂದೆ ಸರಿಯಿತು. ಕಥೆ ಗೊತ್ತಿದೆಯಲ್ಲ, ಇನ್ನೇನು ಓದುವುದು ಎನ್ನುವವರು ಹೆಚ್ಚಾದರು.

ಗೊತ್ತಿರುವ ಕಥೆಯನ್ನು ಓದಿದಾಗ ಸಿಗುವುದು ಬೇರೆಯೇ. ಸಿನಿಮಾದಲ್ಲಿ ಪ್ರೇಕ್ಷಕರು ಕಾವೇರಿಯನ್ನು ಹೊರಗಿನಿಂದ ನೋಡುತ್ತಾರೆ. ಕಲ್ಪನಾ ಎಷ್ಟೇ ದೊಡ್ಡ ಕಲಾವಿದೆಯಾದರೂ, ಅವರು ದೊಡ್ಡ ಕಲಾವಿದೆಯಾಗಿದ್ದರಿಂದಲೇ, ನೋಡುವವರ ಕಣ್ಣು ಅವರ ಅಭಿನಯದ ಮೇಲೆ ನಿಲ್ಲುತ್ತದೆ. ಪುಸ್ತಕದಲ್ಲಿ ಓದುಗರು ಕಾವೇರಿಯ ಪಕ್ಕದಲ್ಲಿ ಕೂತಿರುತ್ತಾರೆ, ಬಹಳ ಸಲ ಅವಳೊಳಗೇ ಇರುತ್ತಾರೆ. ಯಾರೋ ಪಿಸುಗುಟ್ಟಿದ ಸದ್ದು ಅವಳಿಗೆ ಕೇಳುವ ಹಾಗೆಯೇ ಕೇಳುತ್ತದೆ. ಹುಚ್ಚು ಎಂಬುದು ನೋಡುವ ದೃಶ್ಯವಾಗುವುದಕ್ಕೂ ಅನುಭವಿಸುವ ಸಂಕಟವಾಗುವುದಕ್ಕೂ ಇರುವ ಈ ಅಂತರಕ್ಕಾಗಿಯೇ ಸಿನಿಮಾ ನೋಡಿದವರು ಪುಸ್ತಕ ಓದಬೇಕು.

ದೋಷಗಳಿಲ್ಲವೆಂದಲ್ಲ. ತ್ರಿವೇಣಿಯವರ ಮನೋವೈಜ್ಞಾನಿಕ ಕಾದಂಬರಿಗಳಲ್ಲಿ ವೈದ್ಯರು ಬಾಯಿ ತೆರೆದಾಗ ಕೆಲವೊಮ್ಮೆ ಪಾಠ ಹೇಳಿದ ಹಾಗಾಗುತ್ತದೆ. ಕಾರಣಕ್ಕೂ ಕಾಯಿಲೆಗೂ ಅವರು ಹಾಕುವ ಗಂಟು ಇಂದಿನ ಓದುಗರಿಗೆ ತೀರಾ ನೇರವೆನಿಸಬಹುದು. ಅವರ ಲೋಕ ಹಳೆ ಮೈಸೂರಿನ ಮೇಲ್ಜಾತಿಯ, ಮಧ್ಯಮ ಮತ್ತು ಶ್ರೀಮಂತ ವರ್ಗದ ಮನೆಗಳ ಗೋಡೆ ದಾಟಿ ಹೋಗುವುದು ಅಪರೂಪ. ಹತ್ತು ವರ್ಷದಲ್ಲಿ ಇಪ್ಪತ್ತು ಕಾದಂಬರಿ ಬರೆದವರಲ್ಲಿ ಎಲ್ಲವೂ ಒಂದೇ ತೂಕದವಾಗಿರಲು ಸಾಧ್ಯವಿಲ್ಲ. ಈ ಮಾತುಗಳನ್ನು ಹೇಳಲೇಬೇಕು, ಆದರೆ ಓದಿ ಹೇಳಬೇಕು. ಕಾರಂತರ, ಕುವೆಂಪು ಅವರ ಕೃತಿಗಳ ಮಿತಿಗಳನ್ನು ಓದಿದವರು ಚರ್ಚಿಸುವ ಹಾಗೆ ತ್ರಿವೇಣಿಯವರ ಮಿತಿಗಳನ್ನೂ ಚರ್ಚಿಸುವುದು ಅವರಿಗೆ ಸಲ್ಲಬೇಕಾದ ಮರ್ಯಾದೆ.

ತಡವಾಗಿ ಓದಿಸಿಕೊಂಡವರು ಇವರೊಬ್ಬರೇ ಅಲ್ಲ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ, ಆಗ ಅವರಿಗೆ ನಲವತ್ತೈದು ದಾಟಿತ್ತು. ಅವರನ್ನೂ ಮನೆವಾರ್ತೆಯ ಲೇಖಕಿ ಎಂದೇ ನೋಡುತ್ತಿದ್ದವರಿದ್ದರು. ಬಾಲವಿಧವೆಯೊಬ್ಬಳ ದೀರ್ಘ ಬದುಕನ್ನು ಹೇಳುವ ‘ಫಣಿಯಮ್ಮ’ 1976ರಲ್ಲಿ ಬಂತು, ಪ್ರೇಮಾ ಕಾರಂತ 1983ರಲ್ಲಿ ಅದನ್ನು ಚಿತ್ರ ಮಾಡಿದರು, ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ಅನುವಾದಿಸಿದರು. ಅದಾದ ಮೇಲೆ ಕನ್ನಡದ ಮಹತ್ವದ ಕಾದಂಬರಿಗಳ ಮಾತು ಬಂದಾಗ ‘ಫಣಿಯಮ್ಮ’ನ ಹೆಸರು ತಪ್ಪಲಿಲ್ಲ. ಆ ಕಾದಂಬರಿಯಲ್ಲಿ ಇರುವುದು ಮಲೆನಾಡಿನ ಮನೆ, ಮಡಿ, ಅಡುಗೆ, ಬಾಣಂತನ. ಅಡುಗೆಮನೆಯೇ ಅದರ ಲೋಕ, ಅಲ್ಲಿಂದಲೇ ಅದು ಒಂದು ಸಮಾಜದ ಕ್ರೌರ್ಯವನ್ನು ಪೂರ್ತಿಯಾಗಿ ತೋರಿಸಿತು. ‘ಫಣಿಯಮ್ಮ’ನಿಗೆ ಸಿಕ್ಕ ಗಮನ ‘ಶರಪಂಜರ’ಕ್ಕೂ ಸಿಗಬೇಕು.

ಕನ್ನಡ ವಿಭಾಗಗಳು ತ್ರಿವೇಣಿಯವರನ್ನು ‘ಮಹಿಳಾ ಸಾಹಿತ್ಯ’ದ ಒಂದು ಪತ್ರಿಕೆಯೊಳಗೆ ಎರಡು ಸಾಲಿನ ಟಿಪ್ಪಣಿಯಾಗಿ ಇಡದೆ, ಕಾದಂಬರಿಯ ಪಾಠದಲ್ಲಿಯೇ, ‘ಮುಕ್ತಿ’ ಮತ್ತು ‘ಸಂಸ್ಕಾರ’ದ ಜೊತೆಗೆ, ಪಠ್ಯವಾಗಿ ಓದಿಸಲಿ. ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳ ಕನ್ನಡ ಬಲ್ಲ ವಿದ್ಯಾರ್ಥಿಗಳಿಗೂ ಈ ಪುಸ್ತಕವನ್ನು ಕೊಡಬಹುದು. ವಾರ್ಡಿನಲ್ಲಿ ಗುಣವಾದವಳಿಗೆ ಮನೆಯಲ್ಲಿ ಏನಾಗುತ್ತದೆಂದು ಇಷ್ಟು ಸ್ಪಷ್ಟವಾಗಿ ಹೇಳುವ ಪಠ್ಯಪುಸ್ತಕ ಅವರಿಗೆ ಸುಲಭವಾಗಿ ಸಿಗುವುದಿಲ್ಲ.

ಉಳಿದ ಓದುಗರಿಗೆ ಹೇಳುವುದು ಇಷ್ಟು. ‘ನಮ್ಮಮ್ಮ ಓದುತ್ತಿದ್ದರು’ ಎನ್ನುವವರು ‘ಶರಪಂಜರ’ದಿಂದಲೇ ಶುರುಮಾಡಲಿ. ಅದು ಹಿಡಿಸಿದರೆ ‘ಬೆಳ್ಳಿಮೋಡ’ಕ್ಕೆ ಹೋಗಲಿ: ಆಸ್ತಿಯ ಆಸೆಗೆ ತನ್ನನ್ನು ಒಪ್ಪಿ, ಆಸ್ತಿ ಕೈತಪ್ಪಿದಾಗ ಬಿಟ್ಟು, ಕೊನೆಗೆ ಮತ್ತೆ ಬೇಕೆಂದು ಬಂದವನಿಗೆ ಅದರ ನಾಯಕಿ ಇಂದಿರಾ ಏನು ಉತ್ತರ ಕೊಡುತ್ತಾಳೆಂದು ಪುಸ್ತಕದಲ್ಲೇ ಓದಲಿ. ನಂತರ ‘ಬೆಕ್ಕಿನ ಕಣ್ಣು’. ಅಮ್ಮ ಇನ್ನೂ ಇದ್ದರೆ, ಅವರು ಆ ಪುಸ್ತಕಗಳನ್ನು ಯಾಕೆ ಓದುತ್ತಿದ್ದರು, ಓದಿ ಏನು ಅಂದುಕೊಂಡರು ಎಂದು ಒಮ್ಮೆ ಕೇಳಲಿ.